ಹೊಸಿಲ ಮೇಲೆ ಹೊಸಿಲು

ನಡುಮನೆಯಲ್ಲಿ ನೆರೆದ ಮಹಾಜನರೇ! ಅಕ್ಕ, ಭಾವ, ಕಾರ್ಡನ್ನು ನಿಮಗಿಂತ ಮೊದಲೇ ಓದಿಬಿಟ್ಟ ಅಂಚೆಯಣ್ಣ, ಎಲ್ಲರೂ ಸದ್ದು ಮಾಡದೆ ಕೇಳಿ!

ನಮ್ಮ ನಾಟಕ ನಡೆಯುತ್ತಿರುವ ಈ ಊರಿನ ಪಕ್ಕದಲ್ಲಿ ಕೆರೆಯಂಗಳ ಅಗೆದು, ಸಾವಿರಾರು ವರ್ಷ ಹಿಂದಿನ ಬೀದಿಯೊಂದನ್ನು ಹೊರತೆಗೆದಿದ್ದಾರೆ. ಒಂದೊಂದು ಬಾಗಿಲಿಗೂ ಐದೈದು ಹೊಸಿಲು, ಒಂದರ ಮೇಲೊಂದು! ಕೊನೆಯದರ ಮೇಲೆ ಉಳಿದ ಕಿಂಡಿ ದಾಟಬೇಕಾದರೆ ಮನೆಯ ಯಜಮಾನನೂ ಬೆಕ್ಕಿನಂತೆ ತೆವಳಬೇಕು.

"ಇದೇನಮ್ಮಾ ವೈಭವ?" ಎಂದು ಅಗೆಸುತ್ತಿದ್ದ ಮೇಡಮ್ಮನನ್ನು ಕೇಳಿದೆ.

"ಮಳೆ ಕಮ್ಮಿಯಾಗಿ ನಾಲ್ಕು ತಲೆಮಾರು ಕೆರೆ ಒಣಗಿತ್ತು ಸಾರ್. ಇನ್ನೆಲ್ಲಿ ನೀರು ಬರುತ್ತೆ ಅಂತ ಒಳಗೇ ಮನೆ ಕಟ್ಕೊಂಡ್ರು. ಆಮೇಲೆ ಹವಾಮಾನ ಬದಲಾಗಿ ಮಳೆ ಹೆಚ್ಚಾಯ್ತು. ನೀರು ನುಗ್ಗಿದಾಗೆಲ್ಲ ಹೊಸಿಲು ಏರಿಸಿದ್ರು."

"ಜಾಗ ಬಿಡ್ಲೇ ಇಲ್ವಾ?"

"ಬಿಟ್ರು. ಏರ್ಸೋಕೆ ಬಾಗಿಲೇ ಉಳಿದಿಲ್ಲ ಅಂದ್ಮೇಲೆ."

ಆಹಾ, ಎಂಥ ಬುದ್ಧಿವಂತರು! ಭಾವನವರೇ, "ಮೂವತ್ತು ವರ್ಷದಿಂದ ಹನಿ ನೀರು ಕಂಡಿಲ್ಲ ಕಣಯ್ಯಾ, ಚಿನ್ನದಂಥ ಸೈಟು" ಎನ್ನುತ್ತ ನಮ್ಮೂರ ಕೆರೆಯಂಗಳದಲ್ಲಿ ಪಾಯ ತೋಡಿಸುತ್ತಿರುವ ತಾವು ಆ ವಂಶದ ಕೊನೆಯ ಕುಡಿಯೇ ಇರಬೇಕು. ಬಡಗಿಗೆ ಎಷ್ಟು ಹೊಸಿಲು ಹೇಳಿದ್ದೀರಿ? ಐದೂ ಈಗಲೇ ಮಾಡಿಸಿಬಿಡಿ! ಆದರೆ ಮಂಡಿನೋವಿನ ನನ್ನಕ್ಕ ತೆವಳಲಾರಳು, ನೆನಪಿರಲಿ.

ಅಕ್ಕಾ, ನನ್ನ ಗಂಟಲು ಕಟ್ಟಿದೆ, ಬಿಸಿನೀರಿನಲ್ಲೇ ಬದುಕಿದ್ದೇನೆ, ಚಿಂತೆ ಬೇಡ. ಕಾರ್ಡು ತುಂಬಿತು. ನಾಳೆ ಬೆಳಗ್ಗೆ ನಮ್ಮ ಪರದೆ ಸಾಗಿಸುವ ಲಾರಿ ಹತ್ತುತ್ತೇನೆ. ಅದು ಅಂಚೆಗಿಂತ ನಿಧಾನ, ಆದರೂ ಬಂದವನು ನೇರ ಆ ಪಾಯದ ಗುಂಡಿಗೇ ಇಳಿದು ಚಾಪೆ ಹಾಸುತ್ತೇನೆ. ನನ್ನ ಮೇಲೆ ಕಲ್ಲು ಇಳಿಸುವ ಗಂಡುಗಲಿ ಯಾರೋ ನೋಡೋಣ!