ದೊಡ್ಡದು ಮಾಡಿಸಿದ ಉಂಗುರ

ರೀ,

ಹೀಗೆ ಕರೆಯುವ ಹಕ್ಕನ್ನು ಕೋರ್ಟು ಕಿತ್ತುಕೊಂಡು ಮೂರು ತಿಂಗಳಾಯಿತು. ಕಳಿಸದ ಕಾಗದದಲ್ಲಿ ಯಾರು ಕೇಳುತ್ತಾರೆ?

ಇವತ್ತು ಮಧ್ಯಾಹ್ನ ಎರಡೂ ಉಂಗುರ ಮಾರಿಬಿಟ್ಟೆ. ನಿಶ್ಚಿತಾರ್ಥದ್ದನ್ನು ಅಂಗಡಿಯ ಮುದುಕರು ಸುಮ್ಮನೆ ತಕ್ಕಡಿಗೆ ಹಾಕಿದರು. ಮದುವೆಯದನ್ನು ಮಾತ್ರ ಭೂತಗನ್ನಡಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಇದಕ್ಕೆ ಬೆಸುಗೆ ಹಾಕಿದಾರಲ್ಲಮ್ಮ, ದೊಡ್ಡದು ಮಾಡಿಸಿದ್ರಾ?"

"ಹೌದು, ಬಸುರಿ ಇದ್ದಾಗ ಬೆರಳು ಊದಿಕೊಂಡಿತ್ತು. ನಮ್ಮನೆಯವರೇ ಮಾಡಿಸ್ಕೊಂಡು ಬಂದ್ರು," ಅಂದೆ. 'ನಮ್ಮನೆಯವರು' ಅಂತಲೇ ಬಂತು ಬಾಯಿಗೆ.

ಅವರು ನಕ್ಕರು. "ಮಗೂಗೆ ಈಗೆಷ್ಟು ವರ್ಷ?"

ಆಸ್ಪತ್ರೆಯಲ್ಲಿ ಅವಳು ಅಳಲೇ ಇಲ್ಲ, ನಾವಿಬ್ಬರೂ ಬರಿಗೈಯಲ್ಲಿ ಮನೆಗೆ ಬಂದೆವು ಎಂದು ಹೇಳಬಹುದಿತ್ತು. ಆಮೇಲೆ ಐದು ವರ್ಷ ಒಂದೇ ಸೂರಿನಡಿ ಇದ್ದರೂ ನಾವು ಅವಳ ಮಾತೆತ್ತಲಿಲ್ಲ. ನೀವು ಎರಡು ಸಲ ಬಾಯಿ ತೆರೆದಾಗಲೂ ನಾನೇ ಎದ್ದು ಅಡುಗೆಮನೆಗೆ ಹೋದೆ.

"ಆರು ತುಂಬಿತು," ಅಂದೆ. "ಅವರಪ್ಪನ ಥರಾನೇ, ಎಡಗೈಲಿ ಬರೀತಾಳೆ."

"ಒಳ್ಳೇದಾಗ್ಲಿ ತಾಯಿ," ಅಂದರು ಮುದುಕರು.

ಆರು ವರ್ಷದಲ್ಲಿ ಮೊದಲ ಸಲ ನಾನು ಅವಳ ಬಗ್ಗೆ ಮಾತಾಡಿದೆ. ಅದೂ ನಿಮ್ಮ ಹತ್ತಿರ ಅಲ್ಲ.