ಹಿಂದಿನ ಫ್ಯಾನ್ ತಿರುಗಿಸಿದವನಿಗೆ

ಮನೆಯಿಂದ,
ಹದಿನಾಲ್ಕನೇ ತಾರೀಖು, ಗುರುವಾರ ಮಧ್ಯಾಹ್ನ

ತಮ್ಮನಿಗೆ,

ಪ್ರೀತಿಯ ಎಂದು ಬರೆಯಲು ಹೋಗಿ ಕೈ ತಡೆಯಿತು, ಅದನ್ನು ನೀನೇ ಸೇರಿಸಿಕೊಂಡು ಓದು. ಆರೋಗ್ಯವಾಗಿದ್ದೀಯಾ? ಇರುತ್ತೀಯ ಬಿಡು. ಇಲ್ಲಿ ಎಲ್ಲವನ್ನೂ ಬುಡಮೇಲು ಮಾಡಿ ಬಸ್ಸು ಹತ್ತಿದವನಿಗೆ ಏನಾಗಬೇಕು? ಅಪ್ಪ ಹಾಗೇ ಇದ್ದಾರೆ, ಎಡಗೈ ಇನ್ನೂ ಎತ್ತಲಾಗುತ್ತಿಲ್ಲ, ಊಟ ಪರವಾಗಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನೀನು 'ಆಮೇಲೆ ಮಾತಾಡ್ತೀನಿ ಅಕ್ಕ' ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ.

ನಾಲ್ಕು ದಿನಕ್ಕೆಂದು ಬಂದವನು ಅಪ್ಪನ ಮಂಚದ ಅಂಚಿನಲ್ಲಿ ಕೂತು ಹರಟಿದ್ದು ಬಿಟ್ಟರೆ ಈ ಮನೆಯಲ್ಲಿ ಒಂದು ಲೋಟ ಎತ್ತಿಡಲಿಲ್ಲ. ಭಾನುವಾರ ನಾನು ಔಷಧಿ ತರಲು ಹೋಗಿದ್ದೇ ತಡ, ನನ್ನ ಕಂಪ್ಯೂಟರಿನ ಹೊಟ್ಟೆ ಬಗೆದೆ. ಬಂದು ನೋಡಿದರೆ ಸ್ಕ್ರೂಗಳೆಲ್ಲ ನಾನು ಊಟ ಮಾಡುವ ತಟ್ಟೆಯಲ್ಲಿದ್ದವು. 'ಒಳಗೆ ವೈರೆಲ್ಲ ಗೋಜಲಾಗಿತ್ತು ಅಕ್ಕ, ನೀಟ್ ಮಾಡಿದೀನಿ' ಎಂದು ಹಲ್ಲು ಕಿರಿದೆ. ಯಾರು ಕೇಳಿದ್ದರು ನಿನ್ನನ್ನು? ಆ ಗೋಜಲಿನಲ್ಲೇ ಅದು ಎರಡು ವರ್ಷ ತುಟಿಪಿಟಕ್ಕೆನ್ನದೆ ನಡೆದಿತ್ತು. ಹಾರ್ಡ್ ಡಿಸ್ಕನ್ನು ಕೆಳಗಿನಿಂದ ಮೇಲಕ್ಕೆ, ವೈರುಗಳನ್ನು ಎಡದಿಂದ ಬಲಕ್ಕೆ, ಇನ್ನು ಏನೇನು ಮಾಡಿದ್ದೀಯೋ, ಅದರಲ್ಲಿ ಒಂದನ್ನೂ ನನಗೆ ಸರಿಯಾಗಿ ಹೇಳದೆ ಸೋಮವಾರ ಬೆಳಿಗ್ಗೆ ಹೊರಟುಹೋದೆ.

ಮಂಗಳವಾರ ಮೂರು ಮಹಡಿ ಮನೆಯ ನಕ್ಷೆ ಬರೆಯುತ್ತಿದ್ದೆ. ಮೆಟ್ಟಿಲುಗಳು ಮುಗಿಯುತ್ತ ಬಂದಿದ್ದವು, ಪರದೆ ಕಪ್ಪಾಯಿತು. ಮತ್ತೆ ಶುರುಮಾಡಿದೆ, ಮತ್ತೆ ಆರಿತು. ಮಧ್ಯಾಹ್ನದೊಳಗೆ ಮೂರು ಸಲ. ಇಂಜಿನಿಯರಿಗೆ ಶುಕ್ರವಾರ ಸಂಜೆಯೊಳಗೆ ನಕ್ಷೆ ಬೇಕು. 'ಮನೇಲಿ ಕೂತು ಮಾಡೋರಿಗೆ ಕೊಟ್ರೆ ಹೀಗೇ' ಎಂದು ಅವರು ಹೋದ ತಿಂಗಳೇ ಗೊಣಗಿದ್ದರು. ಈ ಕೆಲಸ ಕೈತಪ್ಪಿದರೆ ನಾನು ಎಲ್ಲಾದರೂ ಆಫೀಸು ಹುಡುಕಬೇಕು. ಆಗ ಹಗಲಿಡೀ ಅಪ್ಪನನ್ನು ನೋಡಿಕೊಳ್ಳುವವರು ಯಾರು, ನೀನಾ?

ನಿನ್ನ ಉಪಕಾರದ ಫಲ ಕೇಳು. ಪ್ರೊಸೆಸರ್ ಎಷ್ಟು ಕಾದಿದೆ ಎಂದು ನೋಡಿದೆ, ತೊಂಬತ್ತಾರು ಡಿಗ್ರಿ. ಮೊದಲೆಲ್ಲ ಅರವತ್ತೈದು ದಾಟುತ್ತಿರಲಿಲ್ಲ. ಧೂಳಿರಬಹುದೆಂದು ಬ್ರಷ್ ಹಿಡಿದು ಮೂಲೆಮೂಲೆ ಗುಡಿಸಿದೆ, ತೊಂಬತ್ತಾರು. ಅಂಗಡಿಯಿಂದ ಬಿಸಿ ಎಳೆಯುವ ಪೇಸ್ಟ್ ತಂದು, ಪ್ರೊಸೆಸರಿನ ಮೇಲಿನ ಹಳೆಯದನ್ನು ಒರೆಸಿ ಹೊಸದನ್ನು ಹಚ್ಚಿದೆ, ತೊಂಬತ್ತೈದು. ನೀನು ಸರಿಸಿದ ಡಿಸ್ಕನ್ನು ಮೊದಲಿನ ಜಾಗಕ್ಕೇ ಹಾಕಿದೆ, ಅದೇ ಕಥೆ. ಒಂದೊಂದು ಸಲಕ್ಕೂ ನಿನ್ನನ್ನು ಬಾಯ್ತುಂಬ ಬೈದೆ, ಅಪ್ಪ ಮಂಚದಿಂದ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದರು. ನಿನ್ನೆ ಪಕ್ಕದ ತಗಡನ್ನೇ ಬಿಚ್ಚಿಟ್ಟು ನೋಡಿದರೆ ಎಪ್ಪತ್ನಾಲ್ಕಕ್ಕೆ ಇಳಿಯಿತು. ಅಂದರೆ ಒಳಗಿನ ಬಿಸಿಗೆ ಹೊರಗೆ ಹೋಗಲು ದಾರಿಯಿಲ್ಲ. ತೆಳು ಕಾಗದದ ಚೂರೊಂದನ್ನು ಮುಂದಿನ ಫ್ಯಾನಿಗೆ ಹಿಡಿದೆ, ಒಳಗೆ ಎಳೆಯಿತು. ಹಿಂದಿನದಕ್ಕೆ ಹಿಡಿದೆ, ಅದೂ ಒಳಗೇ ಎಳೆಯಿತು. ಎರಡೂ ಕಡೆಯಿಂದ ಗಾಳಿ ತುಂಬಿದರೆ ಅದು ಹೊರಗೆ ಹೋಗುವುದೆಲ್ಲಿಂದ, ನಿನ್ನ ತಲೆಯಿಂದಲಾ? ಹಿಂದಿನ ಫ್ಯಾನನ್ನು ತಿರುಗುಮುರುಗಾಗಿ ಕೂರಿಸಿದ್ದೀಯ ಎಂದು ಗೊತ್ತಾದಾಗ ನನ್ನ ಮೈಯೆಲ್ಲ ಉರಿಯಿತು.

ಸ್ಕ್ರೂಡ್ರೈವರ್ ತೆಗೆದುಕೊಂಡು ಅದನ್ನು ಬಿಚ್ಚಲು ಕೂತೆ. ಆಗ ಅಪ್ಪ, 'ಅದನ್ನ ತಿರುಗಿಸ್ಬೇಡಮ್ಮ, ನಾನೇ ಅವನಿಗೆ ಹೇಳಿ ಮಾಡಿಸಿದ್ದು' ಎಂದರು. ಕಂಪ್ಯೂಟರಿನ ಬೆನ್ನು ಅವರ ದಿಂಬಿನ ಕಡೆಗಿದೆ. ನಾನು ಕೆಲಸ ಮಾಡುವಷ್ಟು ಹೊತ್ತೂ ಬಿಸಿಗಾಳಿ ಅವರ ಮುಖಕ್ಕೇ ಹೊಡೆಯುತ್ತಿತ್ತಂತೆ, ಕಣ್ಣು ಒಣಗುತ್ತಿತ್ತಂತೆ. ಎರಡು ವರ್ಷ. ಬೇಕರಿಯ ಒಲೆಯ ಮುಂದೆ ಮೂವತ್ತು ವರ್ಷ ನಿಂತ ಮನುಷ್ಯ, ಸೆಖೆ ಎಂದು ಒಮ್ಮೆಯೂ ಬಾಯಿಬಿಟ್ಟಿರಲಿಲ್ಲ. ದಿನಕ್ಕೆ ಹತ್ತು ಸಲ ಆ ದಿಂಬು ಸರಿಮಾಡುವವಳು ನಾನು. ನಾಲ್ಕು ದಿನದ ಅತಿಥಿಗೆ ಹೇಳಿದರು, ನನಗೆ ಹೇಳಲಿಲ್ಲ.

ನೀನಾದರೂ ಹೇಳಬಹುದಿತ್ತಲ್ಲ. ನೀಟ್ ಮಾಡಿದೀನಿ ಎಂದು ಸುಳ್ಳು ಹೇಳಿ ಜಾರಿಕೊಂಡೆ. ಮಾಡಿದ್ದನ್ನೂ ಅರ್ಧಕ್ಕೇ ಮಾಡಿದೆ. ಹಿಂದಿನದನ್ನು ಒಳಗೆ ತಿರುಗಿಸಿದವನಿಗೆ ಮುಂದಿನದನ್ನು ಹೊರಗೆ ತಿರುಗಿಸಬೇಕೆಂದು ಹೊಳೆಯಬಾರದೇ? ಅದನ್ನು ಇವತ್ತು ಬೆಳಿಗ್ಗೆ ನಾನೇ ಮಾಡಿದೆ, ಪ್ರೊಸೆಸರಿನ ಮೇಲಿನ ಫ್ಯಾನನ್ನೂ ಅದೇ ದಿಕ್ಕಿಗೆ ಕೂರಿಸಿದೆ. ಈಗ ಅರವತ್ತೊಂಬತ್ತು. ಬಿಸಿಗಾಳಿ ನನ್ನ ಮೊಣಕಾಲಿಗೆ ಹೊಡೆಯುತ್ತದೆ, ಹೊಡೆಯಲಿ. ಮೆಟ್ಟಿಲು ಮತ್ತೆ ಬರೆದಾಯಿತು, ನಾಳೆ ನಕ್ಷೆ ಹೋಗುತ್ತದೆ.

ನಿನ್ನ ಹೆಂಡತಿಯನ್ನು ಕೇಳಿದೆನೆಂದು ಹೇಳು, ಅವಳ ಮೇಲೆ ನನಗೇನೂ ಸಿಟ್ಟಿಲ್ಲ. ಇನ್ನು ಮುಂದೆ ಬಂದರೆ ಕೈ ಜೇಬಿನಲ್ಲಿಟ್ಟುಕೊಂಡು ಬಾ. ಚೆನ್ನಾಗಿರು.

ನಿನ್ನ
ಅಕ್ಕ

ಇನ್ನೊಂದು ಮಾತು: ಲಕೋಟೆ ಅಂಟಿಸುವ ಮೊದಲು ಅಪ್ಪನನ್ನು ಕೇಳಿದೆ, ನನಗ್ಯಾಕೆ ಹೇಳಲಿಲ್ಲ ಎಂದು. ಗೋಡೆ ಕಡೆ ತಿರುಗಿಕೊಂಡರು. ಮತ್ತೆ ಕೇಳಿದ್ದಕ್ಕೆ, 'ನಿನ್ನ ಹತ್ರ ಹೇಳೋಕೆ ಭಯ ಆಗುತ್ತಮ್ಮ' ಎಂದರು. ನಾನು ಅವರ ಮೇಲೆ ಕೈ ಎತ್ತಿದವಳಲ್ಲ, ಒಂದು ಹೊತ್ತಿನ ಊಟ ತಪ್ಪಿಸಿದವಳಲ್ಲ. ಆದರೂ ಭಯವಂತೆ. ನೀನು ನನ್ನಿಂದ ಮುಚ್ಚಿಟ್ಟದ್ದೂ ಅದಕ್ಕೇನಾ? ಫ್ಯಾನಿನ ವಿಷಯ ಹಾಳಾಗಲಿ, ಇದಕ್ಕೊಂದು ಉತ್ತರ ಬರೆ. ನಿಜ ಬರೆ, ನಾನು ಬೈಯುವುದಿಲ್ಲ.