ಬೀಗಿತ್ತಿಯ ಹಿರೇಮದ್ದು

ಬುಕ್ಕಾಂಬುಧಿ
ರುಧಿರೋದ್ಗಾರಿ ಸಂವತ್ಸರ, ಕಾರ್ತಿಕದ ಎರಡನೆಯ ಸೋಮವಾರ

ಮಗಳೇ ಪಂಕಜಾಕ್ಷಿ,

ಇವತ್ತು ಕಾರ್ತಿಕ ಸೋಮವಾರದ ಉಪವಾಸ. ಕೊಟ್ಟಿಗೆ ಬಾಚಿ, ಮಜ್ಜಿಗೆ ಕಡೆದು, ಪೂಜೆ ಮುಗಿಸಿ ಬರೆಯಲು ಕುಳಿತಿದ್ದೇನೆ. ನೀನು, ಅಳಿಯಂದಿರು, ಮಗು ಕ್ಷೇಮವಷ್ಟೆ? ನಿನ್ನ ಬಸುರಿನ ವಾಂತಿ ನಿಂತಿತೆ? ನಿಮ್ಮತ್ತೆಯ ಕ್ಷೇಮ ಕೇಳುವುದಿಲ್ಲ. ನಿನ್ನ ಕಾಗದದ ತುಂಬ ಅದೇ ಇತ್ತು. ಸಾಲಿಗೊಂದು ‘ನಮ್ಮತ್ತೆ’. ಅಮ್ಮ ಎಂಬ ಮಾತು ಮೇಲುಗಡೆ ಒಕ್ಕಣೆಯಲ್ಲಿ ಮಾತ್ರ.

ಈ ಸಲದ ಹೆರಿಗೆ, ಬಾಣಂತನ ಎರಡೂ ತರೀಕೆರೆಯಲ್ಲೇ ಆಗಲಿ ಎಂದು ಬರೆದಿದ್ದೀಯ. ತವರಿದ್ದೂ ಅತ್ತೆಮನೆಯಲ್ಲಿ ಹೆರುವುದೇ? ಚೊಚ್ಚಲ ಬಾಣಂತನದಲ್ಲಿ ನಾನೇನು ಕಡಿಮೆ ಮಾಡಿದೆ? ಅಂಟಿನುಂಡೆ ಕಟ್ಟಿದೆ, ಮೆಣಸಿನ ಸಾರು ಕಾಯಿಸಿದೆ, ಎಣ್ಣೆ ನೀರು ಹಾಕಿದೆ. ಆದರೂ ನಿನಗೆ ನಿದ್ದೆ ಹತ್ತಲಿಲ್ಲ, ಮಗು ಕೆಮ್ಮಿದರೆ ಬೆಚ್ಚುತ್ತಿದ್ದೆ, ಕೊಡ ಎತ್ತಿದರೆ ಕೈ ನಡುಗುತ್ತಿತ್ತು. ಕರೆದೊಯ್ಯಲು ಬಂದ ದಿನ ನಿಮ್ಮತ್ತೆ ಲಿಂಗಮ್ಮನವರು ಎಲ್ಲರೆದುರು, “ಹುಡ್ಗಿ ಸೊರಗ್ಹೋಗಿದ್ದಾಳೆ ಕಣ್ರಮ್ಮ. ಇರ್ಲಿ ಬಿಡಿ, ನಾನ್ ನೋಡ್ಕೋತೀನಿ” ಎಂದರಲ್ಲ, ಆ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ನೋಡಿಕೊಂಡೂಬಿಟ್ಟರು. ಹಿರೇಮದ್ದಿನ, ಅದೇ ಅಶ್ವಗಂಧದ, ಬೇರಿನ ಪುಡಿಯನ್ನು ಬಿಸಿ ಹಾಲಿಗೆ ಹಾಕಿ ಕುಡಿಸಿದರಂತೆ. ನಿದ್ದೆ ಬಂತಂತೆ, ಬೆಚ್ಚುವುದು ನಿಂತಿತಂತೆ, ಸಂಜೆತನಕ ದುಡಿದರೂ ಸುಸ್ತಿಲ್ಲವಂತೆ. ಸಂತೋಷವೇ. ಆದರೆ ಹೊಟ್ಟೆಯೊಳಗೆ ಉರಿಯಿತು, ಶಿವನಾಣೆ.

ಆ ಗಿಡ ನಮ್ಮ ಬೇಲಿಯಲ್ಲೂ ಇದೆ, ಮೇಕೆಯೂ ಮೂಸುವುದಿಲ್ಲ. ಅವರಿಗಿಂತ ನಾನೇನು ಕಡಿಮೆ ಎಂದು ಬೇರು ಅಗೆದು, ಒಣಗಿಸಿ, ಕುಟ್ಟಿ, ಮೊದಲು ನಿಮ್ಮಪ್ಪನಿಗೆ ಕೊಟ್ಟೆ. ಕೆರೆಯ ಕಡೆಗೆ ಓಡಿ ಓಡಿ ಸಾಕಾಗಿ ಬಂದವರು, “ಏನೇ ಇದು, ಕುದ್ರೆ ಲಾಯದ ವಾಸ್ನೆ! ಬೀಗಿತ್ತಿ ಮೇಲಿನ್ ಸಿಟ್ನ ನನ್ ಹೊಟ್ಟೆ ಮೇಲ್ ತೀರಿಸ್ಕೋತೀಯೇನೆ?” ಎಂದರು. ಬೇರನ್ನು ಮೊದಲು ಹಾಲಿನಲ್ಲಿ ಬೇಯಿಸಬೇಕಂತೆ, ಪಕ್ಕದ ಮನೆ ಹುಚ್ಚಮ್ಮ ಆಮೇಲೆ ಹೇಳಿದಳು. ನಕ್ಕಳು ಬೇರೆ.

ಶಿವನು ನಿನ್ನ ಮಡಿಲನ್ನು ತಂಪಾಗಿಡಲಿ.

ನಿನ್ನನ್ನು ಹೆತ್ತವಳು (ಇದನ್ನಾದರೂ ಯಾರೂ ಕಸಿದುಕೊಳ್ಳಲಾರರು),
ಹಾಲಮ್ಮ

ಮರೆತೆ: ಹೆರಿಗೆಗೆ ಇಲ್ಲಿಗೇ ಬಾ. ಬರುವಾಗ ನಿಮ್ಮತ್ತೆಯನ್ನೂ ಕರೆದುಕೊಂಡು ಬಾ, ಬೇರಿನ ಡಬ್ಬಿಯ ಸಮೇತ. ಬಸುರಿನಲ್ಲಿ ಅದನ್ನು ಮುಟ್ಟಬೇಡ. ಹೆತ್ತ ಮೇಲೆ ಅವರ ಕೈಯಿಂದಲೇ ಕುಡಿ, ನಾನು ನೋಡುತ್ತಾ ಕೂತಿರುತ್ತೇನೆ. ಕೂಸಿಗೆ ನೀರು ಹಾಕುವುದು ಮಾತ್ರ ನನ್ನ ಕೈ, ಈಗಲೇ ಹೇಳಿದ್ದೇನೆ. ನಾನು ಕರೆದೆ ಎನ್ನಬೇಡ, ನಿನಗೇ ತೋಚಿತು ಅನ್ನು. ಶುಕ್ರವಾರ ನಮ್ಮ ಬೀರಪ್ಪ ತೆಂಗಿನಕಾಯಿ ಗಾಡಿ ಹೊಡೆದುಕೊಂಡು ತರೀಕೆರೆಗೆ ಬರುತ್ತಾನೆ. ಉತ್ತರ ಇಸ್ಕೊಳ್ಳದೆ ಗಾಡಿ ತಿರುಗಿಸಬೇಡವೆಂದು ಹೇಳಿದ್ದೇನೆ. ಅವನ ಕೈಗೇ ಕೊಡು.